ಹಿತ್ತಲ ಗಿಡ ಮದ್ದಲ್ಲವೆ?

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಹಿರಿಯರು ಆಡಿದುದು ಹಿತ್ತಲನ್ನು ಹಳಿಯುವುದಕ್ಕಲ್ಲ, ಕೈಗೆ ಎಟಕುವುದನ್ನೆಲ್ಲ ಅಸಡ್ಡೆಮಾಡುವ ಮನುಷ್ಯಸ್ವಭಾವವನ್ನು ಹಳಿಯುವುದಕ್ಕೆ. ವ್ಯಂಗ್ಯವಾಗಿ ಹುಟ್ಟಿದ ಈ ಮಾತನ್ನು ಈಗಿನ ವಿದ್ಯಾವಂತ ಗೃಹಸ್ಥರು ವಿಧಿವಾಕ್ಯವೆಂದೇ ಗ್ರಹಿಸಿರುವಂತೆ ತೋರುತ್ತದೆ. ರಜೆ ದೊರೆತೊಡನೆ ಇವರು ಕುಟುಂಬಸಮೇತರಾಗಿ ಬಂಡೀಪುರಕ್ಕೋ ನಾಗರಹೊಳೆಗೋ ತೆರಳುವರು. ಜೀಪಿನಲ್ಲಿ ಕುಳಿತು ಹುಲಿಯ ಬೆನ್ನು ಕಂಡರೆ ಜನ್ಮ ಸಾರ್ಥಕವಾಯಿತೆನ್ನುವರು, ಕಾಣದಿದ್ದರೆ ಕೊಟ್ಟ ಹಣ ದಂಡವಾಯಿತೆನ್ನುವರು. ಊರಿಗೆ ಹಿಂದಿರುಗಿದ ಮೇಲೆ, ಎಲೆ ಉದುರಿಸಿ ಅಂಗಳವನ್ನು ಕೆಡಿಸುತ್ತದೆಂದು ಮನೆಯ ಮುಂದಿನ ಹೊಂಗೆಯನ್ನು ಕಡಿಸುವವರೂ ಇವರೇ. ಕಾಲಿಗೆ ಕೆಸರು ಹತ್ತುತ್ತದೆಂದು ಹಿತ್ತಲಿನ ಉದ್ದಗಲಕ್ಕೂ ಸಿಮೆಂಟು ಹಾಕಿಸುವವರೂ ಇವರೇ. ಪ್ರಕೃತಿಯ ಸಾನ್ನಿಧ್ಯದಿಂದ ಬಾಳಿಗೊಂದು ದೃಷ್ಟಿ ಲಭಿಸುವುದೆಂದು ಸಭೆಯಲ್ಲಿ ಎದ್ದು ಉಪನ್ಯಾಸ ಮಾಡುವವರೂ ಇವರೇ. ಈ ಮೂರು ಕಾರ್ಯಗಳು ಒಂದೇ ಕೈಯಿಂದ ಹೇಗೆ ನಡೆಯುತ್ತವೆಂಬುದು ವಿಚಾರಾರ್ಹವಾಗಿದೆ.

ಪಾಠಶಾಲೆಯಲ್ಲಿ ತರ್ಕವನ್ನೋದಲು ಕುಳಿತ ಬಾಲಕನ ಕೈಗೆ ಮೊದಲು ಕೊಡುವ ಪುಸ್ತಕ ಅನ್ನಂಭಟ್ಟನ ತರ್ಕಸಂಗ್ರಹ. ಪರ್ವತದಲ್ಲಿ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ಒಬ್ಬನು ಅನುಮಾನಿಸುವ ಪ್ರಸಂಗ ಅದರಲ್ಲಿ ಬರುತ್ತದೆ. ಓದಿದವರೆಲ್ಲರೂ ಪರ್ವತವನ್ನು ನೆನಪಿನಲ್ಲಿಟ್ಟುಕೊಳ್ಳುವರು; ಅದಕ್ಕೆ ಮುಂಚೆ ಬರುವ ಒಂದು ಪದವನ್ನು ಮರೆಯುವರು. ಹೊಗೆಯಿದ್ದೆಡೆಯಲ್ಲಿ ಬೆಂಕಿಯಿರುವುದೆಂಬ ನಿಯಮವನ್ನು ಆ ಮನುಷ್ಯನು ಕಲಿತದ್ದು ಪರ್ವತದ ಮೇಲಲ್ಲ. ಅಡಿಗೆಯ ಮನೆಯಲ್ಲಿ, ಮತ್ತೆ ಮತ್ತೆ ನೋಡಿ. ಮನೆಯ ಒಲೆಯ ಮುಂದೆ ಕಣ್ಣು ತೆರೆಯದವನಿಗೆ ಪರ್ವತದಲ್ಲಿ ಕಾಣುವುದು ಬರಿಯ ಹೊಗೆ. ಕಾಡಿಗೆ ಹೋಗಿ ಬಂದ ಗೃಹಸ್ಥರನ್ನು ಅಲ್ಲೇನು ಕಂಡಿರೆಂದು ಕೇಳಿದರೆ, ಹುಲಿ, ಆನೆ, ಜಿಂಕೆ ಎಂದು ಪಟ್ಟಿಯನ್ನೊಪ್ಪಿಸಿ ಸುಮ್ಮನಾಗುವುದು ಇದರಿಂದಲೇ. ಕಾಡಿಗೆ ಹೋಗಬಾರದೆಂದು ಯಾರೂ ಹೇಳುತ್ತಿಲ್ಲ. ಅಡಿಗೆಯ ಮನೆಯನ್ನು ದಾಟದೆ ನೇರವಾಗಿ ಪರ್ವತಕ್ಕೆ ಹಾರಿದರೆ ಅನುಮಿತಿ ಹುಟ್ಟದೆಂಬುದಷ್ಟೇ ಇಲ್ಲಿನ ತಕರಾರು.

ಆದರೆ ವಿಹಾರಕ್ಕೆ ಹೊರಟವರ ತಪ್ಪು ಅಲ್ಪವಾದುದು. ಅದಕ್ಕಿಂತ ದೊಡ್ಡ ತಪ್ಪು ಪಂಡಿತರದು; ದೊಡ್ಡದೇಕೆಂದರೆ ಅದು ಶಾಸ್ತ್ರದ ಹೆಸರಿನಲ್ಲಿ ನಡೆಯುತ್ತದೆ. ಹುಳುಹುಪ್ಪಟೆಗಳನ್ನು ನೋಡುತ್ತ ಕೂರುವುದು ಪಾಶ್ಚಾತ್ಯರ ಚಟವೆಂದೂ, ಬಾಳಿನ ವಿಚಾರಕ್ಕೆ ಗ್ರಂಥಗಳಿವೆ, ಗುರುಗಳಿದ್ದಾರೆ, ಗುಬ್ಬಿ ಓತಿಕೇತಗಳಿಂದ ಆಗಬೇಕಾದುದೇನೆಂದೂ ವಿದ್ವದ್ಗೋಷ್ಠಿಗಳಲ್ಲಿ ಆಗಾಗ ಕೇಳಿಬರುವುದುಂಟು. ಹೀಗೆನ್ನುವವರು ಭಾಗವತದ ಏಕಾದಶಸ್ಕಂಧವನ್ನು ಪಾರಾಯಣ ಮಾಡಿರುವರೇ ಹೊರತು ಓದಿಲ್ಲವೆಂದು ಹೇಳಬೇಕಾಗುತ್ತದೆ. ಅಲ್ಲಿ ಯದುರಾಜನೆದುರು ನಿಂತ ಅವಧೂತನು ತನಗೆ 24 ಮಂದಿ ಗುರುಗಳೆಂದು ಎಣಿಸುತ್ತಾನೆ. ಆ ಎಣಿಕೆಯಲ್ಲಿ ಒಬ್ಬ ಮಠಾಧಿಪತಿಯಾಗಲಿ ಒಬ್ಬ ಭಾಷ್ಯಕಾರನಾಗಲಿ ಇಲ್ಲ. ಆನೆ, ಹೆಬ್ಬಾವು, ಸಮುದ್ರ ಮೊದಲಾದ ಕೆಲವನ್ನು ಬಿಟ್ಟರೆ ಉಳಿದವರೆಲ್ಲರೂ ಮನೆಯ ಆಸುಪಾಸಿನವರು: ಪಾರಿವಾಳ, ದೀಪಕ್ಕೆ ಬೀಳುವ ಪತಂಗ, ಜೇನುಹುಳು, ಜೇಡ, ಆಡುವ ಮಗು, ಕೆಲಸದಲ್ಲಿ ತಲೆಯೆತ್ತದ ಬಾಣ ಮಾಡುವವನು. ಮನೆಯವರು ಹೊರಗೆ ಹೋಗಿದ್ದಾಗ ಹೆಣ್ಣು ಕೇಳಲು ಬಂದವರಿಗಾಗಿ ಬತ್ತ ಕುಟ್ಟಹೊರಟ ಕನ್ನೆಯೊಬ್ಬಳು, ಬಳೆಗಳು ಸದ್ದುಮಾಡಿ ಮನೆಯ ಬಡತನವನ್ನು ಹೊರಗಿನವರಿಗೆ ಸಾರುತ್ತವೆಂದು ನಾಚಿ, ಕೈಗೊಂದೊಂದನ್ನು ಉಳಿಸಿಕೊಂಡು ಉಳಿದವನ್ನು ಕಳೆಯುತ್ತಾಳೆ. ಅವಳೂ ಅವಧೂತನಿಗೆ ಗುರುವೇ. ಆ ಸದ್ದು ನಿಂತುದನ್ನು ಗಮನಿಸಿದ ಕಿವಿ ಎಂಥದು! ಅಂಥ ಕಿವಿಯಿದ್ದವನು ಯಾವ ತೀರ್ಥಕ್ಕೆ ಹೋದರೇನು, ಹೋಗದಿದ್ದರೇನು?

ಪಂಡಿತರು ಇಲ್ಲಿ ಒಂದು ಆಕ್ಷೇಪವನ್ನು ತರುವರು. ಅವಧೂತನು ನೋಡಿ ಮುಗಿಸಿದ್ದಾನೆ, ವ್ಯಾಸರು ಬರೆದು ಮುಗಿಸಿದ್ದಾರೆ, ಇನ್ನು ಬೇರೆಯವರು ನೋಡತಕ್ಕದ್ದೇನು ಎಂಬುದು ಅದರ ಸಾರ. ಈ ಮಾತಿಗೆ ಉತ್ತರ ಅವಧೂತನ ಪಟ್ಟಿಯ ಕೊನೆಯ ಗುರುವಿನಲ್ಲೇ ಇದೆ.

ಕೀಟಭ್ರಮರನ್ಯಾಯವನ್ನು ಕೇಳದ ವಿದ್ಯಾವಂತರು ವಿರಳ. ಒಂದು ಕಣಜವು ಕೀಟವನ್ನು ಹಿಡಿದು ತಂದು ಗೋಡೆಯ ಗೂಡಿನಲ್ಲಿ ಸೆರೆಯಿಡುತ್ತದೆ. ಕೀಟವು ಭಯದಿಂದ ಅದನ್ನೇ ಎಡೆಬಿಡದೆ ಧ್ಯಾನಿಸಿ ಕಡೆಗೆ ತಾನೇ ಕಣಜದ ರೂಪವನ್ನು ತಾಳುತ್ತದೆ. ಹಾಗೆಯೇ ಜೀವನು ಏನನ್ನು ಧ್ಯಾನಿಸುವನೋ ಅದೇ ಆಗುವನು. ದೃಷ್ಟಾಂತ ರಮ್ಯವಾಗಿದೆ. ಅದನ್ನು ಹೇಳಿದ ಕೀರ್ತನಕಾರರಿಗೆ ಲೆಕ್ಕವಿಲ್ಲ. ಆದರೆ ಹಿಂದಿನ ಮನೆಗಳಲ್ಲಿ ಆ ಗೂಡಿಗೂ ಲೆಕ್ಕವಿರಲಿಲ್ಲ. ಪಟದ ಹಿಂದೆ, ಬಾಗಿಲ ಚೌಕಟ್ಟಿನ ಮೂಲೆಯಲ್ಲಿ, ಮಡಿಸಿಟ್ಟ ಕೊಡೆಯೊಳಗೆ, ಪುಸ್ತಕದ ಕಪಾಟಿನ ಹಿಂಬದಿಯಲ್ಲಿ ಅದು ಇದ್ದೇ ಇರುತ್ತಿತ್ತು. ಜನರು ಕುಂಬಾರಹುಳುವೆಂದು ಕರೆಯುವುದು ಇದನ್ನೇ. ಗೂಡಿನೆದುರು ಕುಳಿತು ನ್ಯಾಯವನ್ನು ವ್ಯಾಖ್ಯಾನಿಸಿದವರು, ಕತ್ತು ಹೊರಳಿಸಿ ಗೂಡನ್ನೇಕೆ ನೋಡಲಿಲ್ಲ?

ನೋಡಿದ್ದರೆ ಕಾಣುತ್ತಿದ್ದುದು ಇಷ್ಟು. ಕುಂಬಾರಹುಳುಗಳಲ್ಲಿ ಒಂದು ಜಾತಿಯ ಹೆಣ್ಣು ಹಸಿಮಣ್ಣನ್ನು ಉಂಡೆಯುಂಡೆಯಾಗಿ ತಂದು ಚಿಕ್ಕ ಮಡಕೆಯನ್ನು ಕಟ್ಟುತ್ತದೆ. ಒಳಗಡೆ ಮೇಲಿನಿಂದ ಒಂದು ಎಳೆಯಲ್ಲಿ ಮೊಟ್ಟೆಯನ್ನು ತೂಗಬಿಡುತ್ತದೆ. ಅನಂತರ ಗಿಡಗಳಲ್ಲಿ ಅಲೆದು ಹಸಿರು ಮರಿಹುಳುಗಳನ್ನು ಕುಟುಕಿ ತಂದು ಮಡಕೆಯೊಳಗೆ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಹೊರಟುಹೋಗುತ್ತದೆ. ಇನ್ನೊಂದು ಜಾತಿ ಉದ್ದುದ್ದನೆಯ ಮಣ್ಣಿನ ಕೋಣೆಗಳನ್ನು ಸಾಲಾಗಿ ಕಟ್ಟಿ ಅವುಗಳಲ್ಲಿ ಜೇಡಗಳನ್ನು ತುಂಬುತ್ತದೆ. ಕುಟುಕಿಸಿಕೊಂಡ ಹುಳು ಸತ್ತಿರುವುದಿಲ್ಲ, ಸತ್ತರೆ ಕೊಳೆತುಹೋದೀತು. ಚಲಿಸುವ ಶಕ್ತಿಯನ್ನಷ್ಟೇ ಕಳೆದುಕೊಂಡು ಬಿದ್ದಿರುತ್ತದೆ. ಮೊಟ್ಟೆಯೊಡೆದು ಬಂದ ಮರಿ ಆ ಜೀವಂತ ಆಹಾರವನ್ನು ಮೆಲ್ಲಮೆಲ್ಲನೆ ತಿಂದು ಬೆಳೆದು, ಕೋಶಾವಸ್ಥೆಯನ್ನು ಕಳೆದು, ರೆಕ್ಕೆ ಮೂಡಿದ ಮೇಲೆ ಮಣ್ಣನ್ನು ಕೊರೆದು ಹಾರಿಹೋಗುತ್ತದೆ. ಒಳಗೆ ಹೋದದ್ದು ಕೀಟ, ಹೊರಗೆ ಬಂದದ್ದು ಕಣಜ. ಇಷ್ಟನ್ನು ಮಾತ್ರ ಕಂಡವರು ನಡುವಿನ ಅಂತರವನ್ನು ಧ್ಯಾನದಿಂದ ತುಂಬಿದರು.

ಈ ವಿಷಯದಲ್ಲಿ ತಾಳ್ಮೆಯಿಂದ ಕುಳಿತು ನೋಡಿದವರಲ್ಲಿ ಪ್ರಸಿದ್ಧನಾದವನು ಫ್ರಾನ್ಸ್ ದೇಶದ ಉಪಾಧ್ಯಾಯ ಜಾನ್ ಆನ್ರಿ ಫಾಬ್ರ. ಬಹುಕಾಲ ಬಡತನದಲ್ಲಿ ಶಾಲಾಮಾಸ್ತರಿಕೆ ಮಾಡಿ, 1879ರಲ್ಲಿ ಸೆರಿನ್ಯಾನ್ ಎಂಬ ಹಳ್ಳಿಯಲ್ಲಿ ಯಾವ ಬೆಳೆಗೂ ಬಾರದ ಕಲ್ಲುನೆಲವೊಂದನ್ನು ಕೊಂಡು, 1915ರಲ್ಲಿ ಸಾಯುವವರೆಗೆ ಅದನ್ನೇ ತನ್ನ ಪ್ರಯೋಗಶಾಲೆಯೆಂದು ತಿಳಿದು ಬಾಳಿದನು. ಅವನ 10 ಸಂಪುಟಗಳ ಕೀಟಸ್ಮೃತಿಗ್ರಂಥ 1879ರಿಂದ 1907ರವರೆಗೆ ಹೊರಬಂದಿತು. ಕಣಜದ ವಿಷ ಹುಳುವನ್ನು ಕೊಂದು ಕೆಡದಂತೆ ಕಾಪಾಡುತ್ತದೆಂದು ಅವನಿಗಿಂತ ಮುಂಚಿನ ಶಾಸ್ತ್ರಜ್ಞರೇ ನಂಬಿದ್ದರು. ಹುಳು ಬದುಕಿದೆಯೆಂದು ತೋರಿಸಿದವನು ಅವನು. ತಪ್ಪು ತಿಳಿವಳಿಕೆ ಪಂಡಿತರೊಬ್ಬರ ಸ್ವತ್ತಲ್ಲವೆಂಬುದನ್ನೂ ಇದರಿಂದ ವಾಚಕರು ಗ್ರಹಿಸಬಹುದು.

ಹಾಗಾದರೆ ಭಾಗವತವು ಸುಳ್ಳೇ ಎಂದು ಕಣ್ಣು ಕೆಂಪಗೆ ಮಾಡುವವರಿಗೆ ಭಗವತ್ಪಾದರೇ ಉತ್ತರವನ್ನಿತ್ತಿದ್ದಾರೆ. ಬೆಂಕಿ ತಣ್ಣಗಿದೆಯೆಂದು ನೂರು ಶ್ರುತಿಗಳು ಹೇಳಿದರೂ ಆ ಮಾತು ಪ್ರಮಾಣವಾಗದೆಂದು ಗೀತಾಭಾಷ್ಯದ ಹದಿನೆಂಟನೆಯ ಅಧ್ಯಾಯದಲ್ಲಿ ಶಂಕರರು ಸ್ಪಷ್ಟವಾಗಿ ಬರೆದಿದ್ದಾರೆ. ಪ್ರತ್ಯಕ್ಷಕ್ಕೆ ಗೋಚರವಾದ ವಿಷಯದಲ್ಲಿ ಶಬ್ದವನ್ನು ಹಿಡಿದು ಜಗ್ಗುವುದು ಶಾಸ್ತ್ರಭಕ್ತಿಯಲ್ಲ, ಆಲಸ್ಯ. ಧ್ಯಾನದ ಮಹಿಮೆಯನ್ನು ಸಾಧಿಸುವುದಕ್ಕೆ ಕಣಜದ ಸಾಕ್ಷ್ಯ ಬೇಕಾಗಿಯೂ ಇಲ್ಲ. ಅವಧೂತನಿಂದ ಕಲಿಯತಕ್ಕದ್ದು ಅವನ ಪಟ್ಟಿಯನ್ನಲ್ಲ, ಅವನ ರೀತಿಯನ್ನು. ಶಿಷ್ಯನು ಗುರುವಿನ ಕಣ್ಣಿನ ಪೊರೆಯನ್ನೂ ಬಾಯಿಪಾಠ ಮಾಡಿದರೆ ಅದು ಗುರುಭಕ್ತಿಯಾದೀತೆ?

ಪ್ರಾಚೀನರು ಕುರುಡರಾಗಿದ್ದರೆಂದು ಇದರ ಅರ್ಥವಲ್ಲ. ಅಮರಸಿಂಹನು ಕೋಗಿಲೆಗೆ ಪರಭೃತವೆಂಬ ಹೆಸರನ್ನೂ ಹೇಳಿದ್ದಾನೆ. ಬೇರೆಯವರಿಂದ ಸಾಕಲ್ಪಟ್ಟುದೆಂದು ಅದರ ಅರ್ಥ. ಕಾಗೆಯ ಗೂಡಿನಲ್ಲಿ ಕೋಗಿಲೆಯ ಮರಿ ಬೆಳೆಯುವುದನ್ನು ಯಾರೋ ಒಬ್ಬರು ಮರದಡಿಯಲ್ಲಿ ನಿಂತು ಕಣ್ಣಾರೆ ಕಂಡಿದ್ದರಿಂದಲೇ ಆ ಪದ ಹುಟ್ಟಿತು. ಕಾಳಿದಾಸನ ದುಷ್ಯಂತನು ತುಂಬಿದ ಸಭೆಯಲ್ಲಿ ಶಕುಂತಲೆಯನ್ನು ಚುಚ್ಚಲು ಬಳಸಿದ ಆಯುಧವೂ ಇದೇ ಪಕ್ಷಿಯ ನಡತೆ. ನೋಡುವವರು ಪದವನ್ನು ಸೃಷ್ಟಿಸಿದರು; ಅನಂತರ ಬಂದವರು ಪದವನ್ನು ಬಾಯಿಪಾಠ ಮಾಡಿ ಹಕ್ಕಿಯನ್ನು ಬಿಟ್ಟರು. ವಸಂತದಲ್ಲಿ ಕೂಗುವ ಕರಿಯ ಹಕ್ಕಿ ಗಂಡೆಂದೂ, ಅದೇ ಮರದಲ್ಲಿ ಸದ್ದಿಲ್ಲದೆ ಕುಳಿತ ಕಂದುಮೈಯ ಚುಕ್ಕೆಗಳ ಹಕ್ಕಿ ಅದರ ಹೆಣ್ಣೆಂದೂ ಅಮರವನ್ನು ಕಂಠಸ್ಥ ಮಾಡಿದ ಎಷ್ಟು ಮಂದಿ ಬಲ್ಲರು? ಚಾತಕದ ಕಥೆಯೂ ಹೀಗೆಯೇ. ಅದು ಮಳೆಹನಿಗಾಗಿ ಬಾಯ್ದೆರೆದು ಕಾಯುತ್ತದೆಂದು ಕವಿಗಳು ಕರಗುತ್ತಿರುವಾಗ, ಅದು ಹರಟೆಮಲ್ಲನ ಗೂಡನ್ನು ಹುಡುಕಿ ತನ್ನ ನೀಲಿ ಮೊಟ್ಟೆಯನ್ನು ಅಲ್ಲಿಟ್ಟು ಜಾರಿಕೊಳ್ಳುವ ಹವಣಿನಲ್ಲಿರುತ್ತದೆ.

ಇನ್ನು ಮೂರನೆಯ ವರ್ಗವೊಂದುಂಟು. ಶಾಲೆಗಳನ್ನು ಹಿಡಿದಿರುವುದು ಈ ವರ್ಗವೇ. ಇವರಿಗೆ ಪ್ರಕೃತಿಯೆಂದರೆ ನೀತಿಪಾಠದ ಗೋದಾಮು. ಇರುವೆಯಿಂದ ಶ್ರಮ, ಕಾಗೆಯಿಂದ ಬಂಧುಪ್ರೇಮ, ನಾಯಿಯಿಂದ ಸ್ವಾಮಿಭಕ್ತಿ ಎಂದು ತೂಗಿ ಹಂಚುವರು. ಮಳೆಯಲ್ಲಿ ನೆನೆಯುತ್ತಿದ್ದ ಕೋತಿಗೆ ಗೂಡು ಕಟ್ಟುವ ಬುದ್ಧಿ ಹೇಳಿದ ಹಕ್ಕಿಯ ಕಥೆಯನ್ನು ಹೇಳಿ, ಅದನ್ನು ಗೀಜಗವೆಂದು ಮಾಡಿ, ಆದರ್ಶಗೃಹಸ್ಥನಿಗೆ ಗೀಜಗವೇ ಮಾದರಿಯೆಂದು ಬರೆಯಿಸುವರು. ಪಾಪ, ಗೀಜಗಕ್ಕೆ ಈ ಬಿರುದು ತಿಳಿದರೆ ನಗೆ ಬಂದೀತು.

ಗೀಜಗದ ಸಂಸಾರವನ್ನು ಸರಿಯಾಗಿ ಕಂಡವರು ಸಲೀಂ ಅಲಿಯವರು. 1930ರಲ್ಲಿ ಅವರು ಜರ್ಮನಿಯಲ್ಲಿ ಅಭ್ಯಾಸ ಮುಗಿಸಿ ಬರುವಷ್ಟರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿದ್ದ ಅವರ ಕೆಲಸವೇ ಇಲ್ಲವಾಗಿತ್ತು. ಉದ್ಯೋಗವಿಲ್ಲದೆ ಅವರು ಸಮುದ್ರತೀರದ ಕಿಹೀಮ್ ಎಂಬ ಹಳ್ಳಿಯ ಮನೆಯಲ್ಲಿ ನೆಲೆಸಿದರು. ಮನೆಯ ಹತ್ತಿರವೇ ಗೀಜಗಗಳು ಗೂಡು ಕಟ್ಟುತ್ತಿದ್ದವು. ಬೇರೆ ಯಾರಾದರೂ ಆಗಿದ್ದರೆ ಅರ್ಜಿ ಬರೆಯುತ್ತ ಹಣೆಯನ್ನು ಹಳಿದುಕೊಳ್ಳುತ್ತ ಕಾಲ ಕಳೆಯುತ್ತಿದ್ದರು; ಅವರು ಗೂಡುಗಳನ್ನು ನೋಡುತ್ತ ಕುಳಿತರು. ಕಂಡದ್ದನ್ನು 1931ರಲ್ಲಿ ಪ್ರಕಟಿಸಿದರು. ಗೂಡು ಕಟ್ಟುವುದು ಗಂಡು. ಅರ್ಧ ಕಟ್ಟಿ ರೆಕ್ಕೆ ಬಡಿಯುತ್ತ ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಗೂಡನ್ನು ಒಳಹೊಕ್ಕು ಪರೀಕ್ಷಿಸುತ್ತದೆ. ಮನಸ್ಸಿಗೆ ಬಾರದಿದ್ದರೆ ಹಾರಿಹೋಗುತ್ತದೆ. ಒಪ್ಪಿದರೆ ಗಂಡು ಗೂಡನ್ನು ಪೂರ್ತಿಮಾಡಿಕೊಟ್ಟು, ಹೆಣ್ಣು ಕಾವಿಗೆ ಕುಳಿತೊಡನೆ ಪಕ್ಕದಲ್ಲೇ ಇನ್ನೊಂದು ಗೂಡಿಗೆ ನಾರು ಸೀಳುತ್ತದೆ, ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಜಾಲಿಯ ಮರದಲ್ಲಿ ತೂಗುವ ಅರೆಗೂಡುಗಳನ್ನು ಎಲ್ಲರೂ ಕಂಡಿರುತ್ತಾರೆ. ಅವು ಬಹುಮಟ್ಟಿಗೆ ನಿರಾಕೃತವಾದ ಗೂಡುಗಳು.

ಏಕಪತ್ನೀವ್ರತದ ಪಾಠ ಇದರಲ್ಲಿ ಸಿಕ್ಕದು. ಆದರೆ ಬಾಳನ್ನು ಕಂಡವನಿಗೆ ಇದರಲ್ಲಿ ಏನೂ ಇಲ್ಲವೆ? ಬೆಳಗಿನಿಂದ ಬೈಗಿನವರೆಗೆ ನೆಯ್ದ ಗೂಡನ್ನು ಹೆಣ್ಣು ಒಂದು ಕ್ಷಣ ನೋಡಿ ಬಿಟ್ಟುಹೋದ ಬಳಿಕ, ಗಂಡುಹಕ್ಕಿ ಮತ್ತೆ ಹುಲ್ಲು ಸೀಳಲು ಹೋಗುವುದನ್ನು ಕಂಡ ಮನುಷ್ಯನು, ತನ್ನ ನಿರಾಕೃತವಾದ ಅರ್ಜಿಯನ್ನು ಮಡಿಸಿ ಒಳಗಿಡುವ ರೀತಿ ಸ್ವಲ್ಪ ಬೇರೆಯಾಗಿರುವುದು. ಅದು ಉಪದೇಶವಲ್ಲ; ಹಕ್ಕಿ ಯಾರಿಗೂ ಏನನ್ನೂ ಹೇಳಲಿಲ್ಲ. ಮನುಷ್ಯನೊಬ್ಬನೇ ಸೋಲುವವನಲ್ಲವೆಂಬ ಒಂದು ಸುದ್ದಿ ಕಣ್ಣಿಗೆ ಬಿತ್ತು, ಅಷ್ಟೆ.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆಯನ್ನು ಎತ್ತಬಹುದು. ಕಣಜವು ಜೀವಂತ ಹುಳುವನ್ನು ಮರಿಗೆ ಉಣಿಸುವುದು, ಕೋಗಿಲೆ ಕಾಗೆಯನ್ನು ವಂಚಿಸುವುದು, ಗೀಜಗ ಸಂಸಾರವನ್ನು ಬಿಟ್ಟು ಓಡುವುದು, ಇವನ್ನೆಲ್ಲ ಮಕ್ಕಳಿಗೆ ತೋರಿಸಿದರೆ ಧರ್ಮಬುದ್ಧಿ ಕೆಡುವುದಿಲ್ಲವೆ? ನೀತಿಯನ್ನು ಪ್ರಕೃತಿಯಿಂದ ಕಡ ತರಲು ಹೊರಟವರಿಗೆ ಈ ಭಯ ಸಹಜ. ಮನುಷ್ಯನ ಧರ್ಮ ಮನುಷ್ಯನು ಕಟ್ಟಿಕೊಂಡದ್ದು. ಅದನ್ನು ಇರುವೆಯಿಂದ ಸಾಲ ತಂದರೆ ಕಣಜ ಬಂದು ಸಾಲ ವಸೂಲು ಮಾಡುತ್ತದೆ. ಅವಧೂತನು ಇದನ್ನು ಬಲ್ಲವನಾಗಿದ್ದನು. ಭೂಮಿಯಿಂದ ಅವನು ತಾಳ್ಮೆಯನ್ನು ಕಲಿತನು, ಆದರೆ ಮರಿಗಳ ಮೋಹದಿಂದ ಬಲೆಗೆ ಬಿದ್ದ ಪಾರಿವಾಳದಿಂದ ಕಲಿತದ್ದು ಹೇಗೆ ಇರಬಾರದೆಂಬುದನ್ನು. ಗುರುವೆಂದರೆ ಅನುಕರಣಕ್ಕೆ ಪಾತ್ರನೆಂದಷ್ಟೇ ಅರ್ಥವಾಗಿದ್ದರೆ ಪತಂಗದ ಶಿಷ್ಯನು ದೀಪಕ್ಕೆ ಬೀಳಬೇಕಾಗಿತ್ತು.

ಹಾಗಾದರೆ ಮನೆಯ ಸುತ್ತಲಿನದನ್ನು ನೋಡುವುದರಿಂದ ದೊರೆಯುವುದಾದರೂ ಏನು? ಅಳತೆ. ಮನೆಯಲ್ಲಿ ಸಾವು ಸಂಭವಿಸಿದ ಬೆಳಗ್ಗೆಯೂ ಪಾರಿಜಾತ ಎಂದಿನಂತೆ ಹೂವು ಉದುರಿಸಿರುತ್ತದೆ. ಮೊದಲ ದಿನ ಅದು ಕ್ರೂರವಾಗಿ ಕಾಣುತ್ತದೆ. ಹತ್ತನೆಯ ದಿನದ ಹೊತ್ತಿಗೆ, ಮನೆಯವರ ಅಳುವನ್ನು ಕೇಳಿ ನಿಲ್ಲದ ವಸ್ತುವೊಂದು ಬಾಗಿಲ ಬಳಿಯಲ್ಲಿಯೇ ಇದೆಯೆಂಬುದರಲ್ಲಿ ಹೇಗೋ ಒಂದು ಆಸರೆ ಸಿಕ್ಕುತ್ತದೆ. ಸಾವಿರ ಮೈಲಿ ದೂರದ ಹಿಮಶಿಖರಕ್ಕೆ ಈ ಶಕ್ತಿಯಿಲ್ಲ. ಅದು ಆ ಮನೆಯ ಹಿಂದಿನ ಬೆಳಗನ್ನು ಕಂಡಿಲ್ಲ, ಮುಂದಿನದನ್ನೂ ಕಾಣದು. ದಿನದಿನವೂ ನೋಡಿದ್ದರ ಮುಂದೆ ಮಾತ್ರ ಮನುಷ್ಯನು ತನ್ನನ್ನು ಅಳೆದುಕೊಳ್ಳಬಲ್ಲನು.

ಡಾರ್ವಿನ್ನನು ಲೋಕವನ್ನೇ ಸುತ್ತಿ ಬಂದನಲ್ಲ, ಅವನಿಗೆ ಹಿತ್ತಲು ಸಾಕಾಯಿತೆ ಎಂದು ಇಂಗ್ಲಿಷ್ ಓದಿದವರು ಕೇಳುವರು. ಅಹುದು, 1831ರಿಂದ 1836ರವರೆಗೆ ಐದು ವರ್ಷ ಅವನು ಹಡಗಿನಲ್ಲಿ ಸುತ್ತಿದನು. ಆದರೆ 1842ರಲ್ಲಿ ಡೌನ್ ಎಂಬ ಹಳ್ಳಿಗೆ ಬಂದು ನೆಲೆಸಿದವನು 1882ರಲ್ಲಿ ತೀರಿಕೊಳ್ಳುವವರೆಗೆ ಅದೇ ಮನೆಯಲ್ಲಿದ್ದನು; 1881ರಲ್ಲಿ ಪ್ರಕಟವಾದ ಅವನ ಕೊನೆಯ ಪುಸ್ತಕದ ವಿಷಯ ಎರೆಹುಳು. ಮನೆಯ ಹತ್ತಿರದ ಹೊಲದಲ್ಲಿ ಅವನು 1842ರಲ್ಲಿ ಸೀಮೆಸುಣ್ಣದ ಚೂರುಗಳನ್ನು ಹರಡಿಸಿ, 1871ರಲ್ಲಿ ಕಂದಕ ತೋಡಿಸಿ ನೋಡಿದನು. 29 ವರ್ಷಗಳಲ್ಲಿ ಎರೆಹುಳುಗಳು ಮೇಲೆ ತಂದು ಹಾಕಿದ ಮಣ್ಣಿನಡಿಯಲ್ಲಿ ಆ ಚೂರುಗಳು 7 ಅಂಗುಲ ಕೆಳಗೆ ಹೋಗಿದ್ದವು. ಇಂಗ್ಲೆಂಡಿನ ಎಷ್ಟೋ ಕಡೆಗಳಲ್ಲಿ ವರ್ಷಕ್ಕೆ ಎಕರೆಗೆ 10 ಟನ್ನಿಗಿಂತ ಹೆಚ್ಚು ಮಣ್ಣು ಈ ಹುಳುಗಳ ಹೊಟ್ಟೆಯನ್ನು ಹಾದು ಮೇಲೆ ಬರುತ್ತದೆಂದು ಅವನು ಲೆಕ್ಕ ಹಾಕಿದನು. ಒಂದು ವಾಕ್ಯವನ್ನು ಬರೆಯುವುದಕ್ಕಾಗಿ 29 ವರ್ಷ ಕಾದ ಮನುಷ್ಯನನ್ನು, ತಿಂಗಳಿಗೊಂದು ಪುಸ್ತಕ ಅಚ್ಚು ಹಾಕಿಸುವ ಈಗಿನ ಗ್ರಂಥಕರ್ತರು ಒಮ್ಮೆ ನೆನೆದರೆ ಒಳ್ಳೆಯದು. ಅವನು ಕಾದಿದ್ದುದು ತನ್ನದೇ ನೆಲದ ಮೇಲೆ. ಬೇರೆಯವರ ಊರಿನಲ್ಲಿ 29 ವರ್ಷ ಕಾಯುವುದು ಯಾರಿಂದಲೂ ಆಗದು.

ಆ ನೆಲಕ್ಕೇ ಈಗ ಸಿಮೆಂಟು ಬೀಳುತ್ತಿದೆ. ಎಲೆ ಗುಡಿಸುವ ಕಷ್ಟ ಹೆಂಗಸರದೇ ಹೊರತು ಲೇಖನ ಬರೆಯುವವರದಲ್ಲವೆಂಬ ಮಾತು ನಿಜ, ಕಡೆಗಣಿಸತಕ್ಕದ್ದಲ್ಲ. ಅದಕ್ಕೆ ಪರಿಹಾರ ಗಂಡಸರೂ ಪೊರಕೆ ಹಿಡಿಯುವುದು, ಎಲೆಯನ್ನು ಬಾಳೆಯ ಬುಡದ ಗುಂಡಿಗೆ ಹಾಕುವುದು. ಮರವನ್ನು ಉರುಳಿಸುವುದಲ್ಲ. ಎರಡು ಮಾರು ಮಣ್ಣು ಉಳಿದರೂ ಸಾಕು. ಅದರಲ್ಲೊಂದು ಕರಿಬೇವಿನ ಗಿಡವಿದ್ದರೆ, ಹಕ್ಕಿಯ ಹಿಕ್ಕೆಯೆಂದು ಕಣ್ಣನ್ನು ಮೋಸಗೊಳಿಸುವ ಮರಿಹುಳು ಎಲೆಯ ಮೇಲೆ ಕುಳಿತಿರುತ್ತದೆ. ಬೆಳೆದಂತೆ ಅದು ಎಲೆಯ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲುಕೊಂಬನ್ನು ಹೊರಗಿಟ್ಟು ಘಾಟು ಬೀರುತ್ತದೆ. ಕಡೆಗೆ ಚಿಟ್ಟೆಯಾಗಿ ಹೋಗುತ್ತದೆ. ಸಾರಿಗೆ ಒಗ್ಗರಣೆ ಹಾಕಲು ಎಲೆ ಕೀಳುವ ಕೈಗೆ ಇದು ಪ್ರತಿದಿನ ತಾಗುತ್ತಿದ್ದರೂ, ಆ ಮನೆಯ ಹುಡುಗನು ಚಿಟ್ಟೆಯ ಜೀವನಚರಿತ್ರೆಯನ್ನು ಪುಸ್ತಕದ ಚಿತ್ರ ನೋಡಿ ಬರೆದು ಅಂಕ ಪಡೆಯುವನು. ಕಂಡದ್ದನ್ನು ಬರೆದರೆ ಅಂಕ ಕೊಡುವ ಪರೀಕ್ಷಕರು ಎಷ್ಟು ಮಂದಿ ಇರುವರೋ ಹೇಳಲಾಗದು. ಗೀಜಗ ಒಂದೇ ಋತುವಿನಲ್ಲಿ ಎರಡು ಸಂಸಾರ ಹೂಡುತ್ತದೆಂದು ಬರೆದ ಹುಡುಗನ ತಂದೆಯನ್ನು ಶಾಲೆಗೆ ಕರೆಸದಿದ್ದರೆ ಪುಣ್ಯ.

ಇದು ಬರಿಯ ಓದುಬರಹದ ಪ್ರಶ್ನೆಯಲ್ಲವೆಂಬುದಕ್ಕೆ ಮತ್ತೆ ಕುಂಬಾರಹುಳುವಿನ ಬಳಿಗೇ ಹೋಗಬೇಕು. ಮಡಕೆ ಕಟ್ಟುವುದಕ್ಕೆ ಅದಕ್ಕೆ ಹಸಿಮಣ್ಣು ಬೇಕು. ಬಚ್ಚಲ ನೀರು ಹರಿದು ಬಾಳೆಯ ಬುಡಕ್ಕೆ ಸೇರುತ್ತಿದ್ದ ಜಾಗದಲ್ಲಿ ಅದು ಮಣ್ಣುಂಡೆ ಮಾಡುತ್ತಿತ್ತು. ಆ ನೀರು ಈಗ ಕೊಳಾಯಿಯೊಳಗೆ ಹರಿಯುತ್ತದೆ, ಬಾಳೆಯಿದ್ದೆಡೆಯಲ್ಲಿ ಕಾರು ನಿಲ್ಲುತ್ತದೆ. ಹೀಗೆ ಇನ್ನು ಕೆಲವು ವರ್ಷ ನಡೆದರೆ, ಪಟ್ಟಣದ ಮನೆಯಲ್ಲಿ ಹುಟ್ಟಿದ ಮಗುವಿಗೆ ಕೀಟಭ್ರಮರನ್ಯಾಯ ಸರಿಯೋ ತಪ್ಪೋ ಎಂದು ನೋಡುವುದಕ್ಕೆ ಕೀಟವೂ ಇರದು, ಭ್ರಮರವೂ ಇರದು, ನ್ಯಾಯವೊಂದೇ ಉಳಿಯುವುದು.

ಇನ್ನೂ ಮಣ್ಣಿರುವ ಮನೆಗಳವರು ಒಂದು ಕೆಲಸ ಮಾಡಬಹುದು. ಯುಗಾದಿಗೆ ಸುಣ್ಣ ಬಳಿಯುವಾಗ ಪಟದ ಹಿಂದಿನ ಮಣ್ಣಿನ ಗೂಡನ್ನು ಪೊರಕೆಯಿಂದ ಕೆಡಹದಿರಲಿ. ಅದರ ಬಾಯಿ ಮುಚ್ಚಿರುವುದನ್ನು ನೋಡಿಕೊಂಡು, ಮೇಲೊಂದು ತೆಳುಬಟ್ಟೆಯ ಚೀಲವನ್ನು ಸಡಿಲವಾಗಿ ಕಟ್ಟಿ, ಪಂಚಾಂಗದಲ್ಲಿ ಆ ದಿನಕ್ಕೆ ಗುರುತು ಹಾಕಿಡಲಿ. ದಿನಕ್ಕೆ ಎರಡು ಸಲ ಹೋಗಿ ನೋಡುವ ಕೆಲಸವನ್ನು ಮನೆಯ ಹುಡುಗಿಗೆ ವಹಿಸಲಿ. ಬಟ್ಟೆಯೊಳಗೆ ರೆಕ್ಕೆ ಬಡಿಯುವ ಸದ್ದು ಕೇಳಿದ ದಿನ ಚೀಲವನ್ನು ಬಿಚ್ಚಿ ಹುಳುವನ್ನು ಹಾರಬಿಟ್ಟು, ಗೂಡನ್ನು ಮೆಲ್ಲನೆ ಒಡೆದು, ಒಳಗೆ ಮರಿಹುಳುವಿನ ತೊಗಲೋ ಜೇಡದ ಕಾಲೋ ಉಳಿದಿದೆಯೇ ಎಂದು ನೋಡಿ, ಮುಂದಿನ ಹರಿಕಥೆಯ ದಿನ ಆ ಹುಡುಗಿಯೇ ಅದನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ದಾಸರ ಮುಂದಿಡಲಿ.